ಬಿಟ್ಟವರು ಯಾರು, ಉಳಿದವರು ಯಾರು?



ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರನ್ನು ನೀವು ಕನ್ನಡ ಪಠ್ಯದಲ್ಲಿ ಓದಿರುತ್ತೀರಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ವಂಶದವಳು ಎಂಬ ಸಂಗತಿ ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿದುಬರುತ್ತದೆ. ತಂದೆ ಭೀಮಪಯ್ಯ ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ಹಿಡಿದವನು. ಜಾತಿಯಲ್ಲಿ ಉತ್ತಮನಾದವನು ನಂಬಬೇಕಾದದ್ದೂ ಉತ್ತಮ ಧರ್ಮವನ್ನೇ ಎಂಬುದು ಅವನ ವಿಚಾರವಾಗಿತ್ತೆಂದು 941ರಲ್ಲಿ ಬರೆದ ತನ್ನ ಭಾರತದಲ್ಲಿ ಮಗನೇ ಹೇಳಿಕೊಂಡಿದ್ದಾನೆ. ಧರ್ಮ ಬದಲಾಯಿಸಿದ ಗಂಡಸಿನ ಕಾರಣ ಹೀಗೆ ಕಾವ್ಯದಲ್ಲಿ ದಾಖಲಾಗಿದೆ. ಅಬ್ಬಣಬ್ಬೆ ಏನು ಅಂದುಕೊಂಡಳು ಎಂಬ ಮಾತು ಕಾವ್ಯದಲ್ಲೂ ಇಲ್ಲ, ಬಂಡೆಯ ಮೇಲೂ ಇಲ್ಲ.

ಒಂದು ಮನೆಯಲ್ಲಿ ಒಬ್ಬರು ಹೊಸ ನಂಬಿಕೆಯನ್ನು ಹಿಡಿದು ಮತ್ತೊಬ್ಬರು ಹಳೆಯದರಲ್ಲೇ ನಿಂತಾಗ ಆ ಗಂಡ ಹೆಂಡಿರ ಗತಿಯೇನು? ಕೂಡಿ ಬಾಳಬೇಕೆ, ಬೇರೆಯಾಗಬೇಕೆ? ಬೇರೆಯಾದ ಮೇಲೆ ಒಂದು ಕಾಲದಲ್ಲಿ ತನ್ನವರಾಗಿದ್ದವರ ಬಗ್ಗೆ ಯಾವ ಹೊಣೆ ಉಳಿಯುತ್ತದೆ? ಪರದೆಯ ಮೇಲಿನ ಮಾತುಕತೆಯಲ್ಲಿ ಈಗಿನ ಕಾನೂನಿನ ಮಾತೇ ಹೆಚ್ಚಾಗಿ ಬರುವುದರಿಂದ, ಇಲ್ಲಿ ಅದರ ಹಿಂದಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ಕ್ರೈಸ್ತ ಧರ್ಮವು ಈ ಪ್ರಶ್ನೆಗೆ ಕೊಟ್ಟ ಉತ್ತರ ಏನು, ಆ ಉತ್ತರ 19ನೆಯ ಶತಮಾನದಲ್ಲಿ ನಮ್ಮ ಧಾರವಾಡ ಸೀಮೆಗೆ ಬಂದಾಗ ಏನಾಯಿತು ಎಂಬುದು ವಿಷಯ.

ಕೊರಿಂಥದಿಂದ ಬಂದ ಪ್ರಶ್ನೆ

ಗ್ರೀಸಿನ ಕೊರಿಂಥ ಒಂದು ಬಂದರು ನಗರ. ಸುಮಾರು ಕ್ರಿ.ಶ. 54ರ ಹೊತ್ತಿಗೆ ಅಲ್ಲಿ ಒಂದು ಚಿಕ್ಕ ಕ್ರೈಸ್ತ ಸಭೆ ಇತ್ತು. ಅಲ್ಲಿಯವರು ತಮ್ಮ ಸಂದೇಹಗಳನ್ನು ಬರೆದು ಕಳಿಸಿದರು. ಎಫೆಸ ಪಟ್ಟಣದಲ್ಲಿದ್ದ ಪೌಲ ಉತ್ತರ ಬರೆದ. ಬೈಬಲಿನಲ್ಲಿ ಅದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವೆಂದು ಸೇರಿದೆ. ಅದರ ಏಳನೆಯ ಅಧ್ಯಾಯದಲ್ಲಿ ನಮ್ಮ ಪ್ರಶ್ನೆ ಬರುತ್ತದೆ.

ಪೌಲನ ಉತ್ತರದಲ್ಲಿ ಮೊದಲು ಗಮನಿಸಬೇಕಾದದ್ದು ಅವನ ಎಚ್ಚರ. ವಿವಾಹ ವಿಚ್ಛೇದನದ ಬಗ್ಗೆ ಯೇಸು ಹೇಳಿದ ಮಾತು ಒಂದೇ ನಂಬಿಕೆಯ ದಂಪತಿಗಳಿಗೆ ಸಂಬಂಧಿಸಿದ್ದು. ಬೇರೆ ಬೇರೆ ನಂಬಿಕೆಯವರ ಬಗ್ಗೆ ತಾನು ಹೇಳುವುದು ತನ್ನ ಮಾತೇ ಹೊರತು ಕರ್ತನ ಅಪ್ಪಣೆಯಲ್ಲ ಎಂದು ಅವನು ಬಿಡಿಸಿ ಹೇಳುತ್ತಾನೆ. ಆಮೇಲೆ ಸಲಹೆ. ಕ್ರೈಸ್ತನಾದವನ ಹೆಂಡತಿ ಕ್ರೈಸ್ತಳಲ್ಲದಿದ್ದರೂ ಅವನೊಂದಿಗೆ ಬಾಳಲು ಒಪ್ಪಿದರೆ ಅವನು ಅವಳನ್ನು ಬಿಡಬಾರದು. ಹೆಂಡತಿ ಕ್ರೈಸ್ತಳಾಗಿ ಗಂಡ ಆಗದಿದ್ದರೂ ಇದೇ ನಿಯಮ. ಮಕ್ಕಳನ್ನು ಅಶುದ್ಧರೆಂದು ಎಣಿಸಕೂಡದು. ಆದರೆ ನಂಬದವರು ತಾವಾಗಿ ಬಿಟ್ಟು ಹೋಗಬಯಸಿದರೆ ಹೋಗಲಿ, ಅಂಥ ಸಂದರ್ಭದಲ್ಲಿ ಉಳಿದವರು ಕಟ್ಟಿನಲ್ಲಿಲ್ಲ; ದೇವರು ಕರೆದಿರುವುದು ಸಮಾಧಾನಕ್ಕೆ.

ಇದರ ಒಳಗಿನ ಕಟ್ಟಡವನ್ನು ನೋಡಿರಿ. ಹೊಸ ನಂಬಿಕೆ ಹಿಡಿದವನಿಗೆ ಬಿಡುವ ಹಕ್ಕನ್ನು ಪೌಲ ಕೊಟ್ಟಿಲ್ಲ. ಬದಲಾದವನು ನೀನು, ಆದ್ದರಿಂದ ಕಾಯಬೇಕಾದವನೂ ನೀನೇ. ಇರಬೇಕೋ ಹೋಗಬೇಕೋ ಎಂಬ ತೀರ್ಮಾನವನ್ನು ಅವನು ಬದಲಾಗದೆ ಉಳಿದವರ ಕೈಗೆ ಕೊಟ್ಟಿದ್ದಾನೆ. ನಿನ್ನ ಗಂಡನನ್ನು ಅಥವಾ ಹೆಂಡತಿಯನ್ನು ನೀನು ರಕ್ಷಿಸುವೆಯೆಂದು ನಿನಗೇನು ಗೊತ್ತು ಎಂದೂ ಕೇಳುತ್ತಾನೆ. ಈ ಪ್ರಶ್ನೆಯಲ್ಲಿರುವುದು ಭರವಸೆಯೋ ಸಂದೇಹವೋ ಎಂದು ವ್ಯಾಖ್ಯಾನಕಾರರು ಇಂದಿಗೂ ಎರಡು ಪಕ್ಷವಾಗಿದ್ದಾರೆ. ನನಗಂತೂ ಎರಡೂ ಇದ್ದಂತೆ ಕಾಣುತ್ತದೆ: ಕಟ್ಟಿಹಾಕಿ ಯಾರನ್ನೂ ಗೆಲ್ಲಲಾಗದು ಎಂಬುದನ್ನು ಹೇಳಲು ಇದಕ್ಕಿಂತ ಸೌಮ್ಯವಾದ ದಾರಿ ಬೇರೆ ಇರಲಿಲ್ಲ.

ಅಂದಿನ ರೋಮನ್ ಸಮಾಜದಲ್ಲಿ ಮದುವೆಯನ್ನು ಮುರಿಯುವುದು ಕಷ್ಟವಿರಲಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಯಾರಾದರೂ ಮುಂದಾಗಬಹುದಿತ್ತು. ಹೊಸದಾಗಿ ಕ್ರೈಸ್ತರಾದವರು ತಮ್ಮ ಮನೆಯಲ್ಲೇ ಇದ್ದರು. ಸಭೆಯೂ ಯಾರದೋ ಮನೆಯ ಪಡಸಾಲೆಯಲ್ಲೇ ಕೂಡುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರೋಮಿನ ಚರ್ಚು ಕಾಲಕ್ರಮದಲ್ಲಿ ಪೌಲನ ಸಲಹೆಯನ್ನು ಒಂದು ವಿಧಿಯನ್ನಾಗಿ ಮಾಡಿತು. ಅದಕ್ಕೆ ಪೌಲನ ಹೆಸರಿನ ವಿನಾಯಿತಿ ಎಂದೇ ಹೆಸರು. ಜ್ಞಾನಸ್ನಾನ ಪಡೆದವರು ಬೇರೆ ಮದುವೆಯಾಗುವ ಮೊದಲು ಹಿಂದಿನ ಸಂಗಾತಿಯನ್ನು ಎರಡು ಪ್ರಶ್ನೆ ಕೇಳಬೇಕು: ನೀವೂ ಜ್ಞಾನಸ್ನಾನ ಪಡೆಯಲು ಸಿದ್ಧರಿದ್ದೀರಾ? ಇಲ್ಲವಾದರೆ, ದೇವರಿಗೆ ಅವಮಾನವಾಗದಂತೆ ಸಮಾಧಾನವಾಗಿ ಕೂಡಿ ಬಾಳಲಾದರೂ ಒಪ್ಪುತ್ತೀರಾ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಮಾತ್ರ ದಾರಿ ತೆರೆಯುತ್ತದೆ. 16ನೆಯ ಶತಮಾನದಲ್ಲಿ ಯೂರೋಪಿನವರು ಅಮೆರಿಕ, ಆಫ್ರಿಕ, ಏಷ್ಯಗಳಿಗೆ ಹರಡಿದಾಗ ಹಲವು ಹೆಂಡಿರುಳ್ಳವರ ಪ್ರಶ್ನೆಯೂ, ಗುಲಾಮರಾಗಿ ಸಾಗಿಸಲ್ಪಟ್ಟು ಸಂಗಾತಿ ಎಲ್ಲಿದ್ದಾರೆಂದೇ ತಿಳಿಯದವರ ಪ್ರಶ್ನೆಯೂ ಎದ್ದಿತು. 1537, 1571 ಮತ್ತು 1585ರಲ್ಲಿ ಮೂವರು ಪೋಪರು ಇದಕ್ಕಾಗಿ ಆಜ್ಞೆಗಳನ್ನು ಹೊರಡಿಸಿದರು. 1983ರ ಕ್ಯಾಥೋಲಿಕ್ ಧರ್ಮಸಂಹಿತೆಯಲ್ಲಿ ಇವೆಲ್ಲ ಅಡಕವಾಗಿವೆ. ಅದರ 1148ನೆಯ ವಿಧಿಯನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಹಲವು ಹೆಂಡಿರಲ್ಲಿ ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಿಕೊಟ್ಟವನು, ಹಾಗೆ ಕಳಿಸಲ್ಪಟ್ಟವರ ಜೀವನಕ್ಕೆ ನ್ಯಾಯಕ್ಕೂ ಪ್ರೀತಿಗೂ ಒಪ್ಪುವಂತೆ ಏರ್ಪಾಡು ಆಗುವಂತೆ ಬಿಷಪರು ನೋಡಿಕೊಳ್ಳಬೇಕು. ಆಕೆ ಕ್ರೈಸ್ತಳಲ್ಲ, ಇನ್ನು ಹೆಂಡತಿಯೂ ಅಲ್ಲ. ಆದರೂ ಹೊಣೆ ತೀರಿಲ್ಲ.

ಧಾರವಾಡ ಸೀಮೆಯಲ್ಲಿ

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಆಗ ಇದೆಲ್ಲ ಮುಂಬಯಿ ಪ್ರಾಂತ್ಯ. ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಭಾರತಕ್ಕೆ ಬಂದು ಮೊದಲು ಕೆಲಸಮಾಡಿದ್ದು ಈ ಸೀಮೆಯಲ್ಲೇ. ಇವರಿಗಿಂತ ಮುಂಚೆಯೇ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಇಡೀ ಬೈಬಲನ್ನು ಕನ್ನಡಕ್ಕೆ ತಂದು 1831ರ ಹೊತ್ತಿಗೆ ಅಚ್ಚು ಹಾಕಿಸಿ ಮುಗಿಸಿದ್ದರು. ಪೌಲನ ಪತ್ರ ಹೀಗೆ ಕನ್ನಡದಲ್ಲಿ ಓದಲು ಸಿಕ್ಕಿತು.

ಆ ಪುಸ್ತಕ ಕೈಗೆ ಬಂದವರೆಲ್ಲ ಕ್ರೈಸ್ತರಾದರೆಂದು ಯಾರೂ ತಿಳಿಯಬಾರದು. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ಹಳೆಯ ಕನ್ನಡ ಬೈಬಲ್ ಒಂದನ್ನು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ. ಅಜ್ಜ ಅದಕ್ಕೆ ರಂಧ್ರ ಹೊಡೆದರೆಂದೂ, ಆ ರಂಧ್ರ ತಾನಾಗಿ ಮುಚ್ಚಿಕೊಳ್ಳುವ ಕಾಲ ಬರುತ್ತದೆಂದು ನುಡಿದರೆಂದೂ ಭಕ್ತರು ನಂಬುತ್ತಾರೆ. ಅದೇ ಕಾಲದ ಶಿಶುನಾಳ ಶರೀಫರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಈ ಸೀಮೆಯಲ್ಲಿ ಒಬ್ಬರ ದೇವರ ಮುಂದೆ ಇನ್ನೊಬ್ಬರು ಕೈಮುಗಿಯುವುದು ಹೊಸದಾಗಿರಲಿಲ್ಲ. ಅದಕ್ಕಾಗಿ ಯಾರ ಸಂಸಾರವೂ ಒಡೆಯಬೇಕಾಗಿರಲಿಲ್ಲ.

ದೀಕ್ಷಾಸ್ನಾನದ ಪರಿಣಾಮ ಬೇರೆ. ಅದು ಜಾತಿಯಿಂದ ಹೊರಗೆ ಹಾಕುವಂಥದು. ದೀಕ್ಷಾಸ್ನಾನ ಪಡೆದವನಿಗೆ ಮನೆಯವರು ನೀರು ಕೊಟ್ಟರೆ ಮನೆಯವರಿಗೇ ಬಹಿಷ್ಕಾರ. ಬಾವಿ, ಬೆಂಕಿ, ಹೊಲದ ಕೂಲಿ, ಮಗಳ ಸಂಬಂಧ ಎಲ್ಲ ನಿಲ್ಲುವ ಭಯ. ಹೀಗಾಗಿ ಅವನು ಮನೆ ಬಿಟ್ಟು ಮಿಶನ್ ಕಂಪೌಂಡಿಗೆ ಬರುತ್ತಿದ್ದ. ಬೆಟಗೇರಿಯ ಸಮೀಪ ಮಲಸಮುದ್ರದಲ್ಲಿ 1841ರಲ್ಲಿ ಮಿಶನ್ ಒಂದು ಬೇಸಾಯದ ಊರನ್ನೇ ಕಟ್ಟಲು ಹೊರಟದ್ದು, ಮುಂದೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆದದ್ದು ಬಹುಮಟ್ಟಿಗೆ ಈ ಕಾರಣಕ್ಕೆ. ಮನೆ ಹೊಲ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ಜಾತಿ ಹೋದ ಮಾತ್ರಕ್ಕೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗದು ಎಂಬ ಕಾಯ್ದೆ 1850ರಲ್ಲಿ ಬಂದಿತ್ತು ನಿಜ. ಕಾಯ್ದೆ ಹೊಲವನ್ನು ಕೊಡಿಸಬಲ್ಲದು, ಒಲೆಯ ಮುಂದಿನ ಜಾಗವನ್ನಲ್ಲ.

ಈಗ ಕೊರಿಂಥಕ್ಕೂ ಧಾರವಾಡಕ್ಕೂ ಇರುವ ಅಂತರವನ್ನು ನೋಡಿರಿ. ಕೊರಿಂಥದಲ್ಲಿ ನಂಬಿದವನು ಮನೆಯಲ್ಲೇ ಇದ್ದ. ನಂಬದ ಹೆಂಡತಿ ಹೋಗುವುದಾದರೆ ಆ ಮನೆಯಿಂದ ಎದ್ದು ಹೋಗಬೇಕು. ಧಾರವಾಡದಲ್ಲಿ ಮನೆಯಿಂದ ಎದ್ದು ಹೋದವನು ನಂಬಿದವನೇ. ಹೆಂಡತಿ ಅತ್ತೆ ಮಾವಂದಿರ ಜೊತೆಗೋ ತವರಿನಲ್ಲೋ ಇದ್ದಲ್ಲಿಯೇ ಇದ್ದಾಳೆ. ಆದರೂ ಪೌಲನ ಪತ್ರವನ್ನು ಹಿಡಿದು ಲೆಕ್ಕ ಹಾಕಿದಾಗ ‘ಬಿಟ್ಟು ಹೋದವಳು’ ಆಕೆಯೇ ಆದಳು. ಅವಳನ್ನು ಯಾರಾದರೂ ಕೇಳಿದ್ದರೆ, “ನಾ ಎಲ್ಲಿ ಬಿಟ್ಟೇನ್ರಿ, ನಾ ಇದ್ದಲ್ಲೇ ಅದೇನಿ” ಅನ್ನುತ್ತಿದ್ದಳೇನೋ.

ವಿಜ್ಞಾನ ಓದುತ್ತಿರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ರೈಲಿನ ಕಿಟಕಿಯಲ್ಲಿ ಕುಳಿತವನಿಗೆ ನಿಲ್ದಾಣವೇ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಚಲನೆಯನ್ನು ಅಳೆಯುವ ಮೊದಲು ಯಾವ ನೆಲೆಯಲ್ಲಿ ನಿಂತು ಅಳೆಯುತ್ತೇವೆ ಎಂದು ಹೇಳಬೇಕು. ಭೌತವಿಜ್ಞಾನದಲ್ಲಿ ಎರಡು ನೆಲೆಯೂ ಸರಿ. ಸಂಸಾರದಲ್ಲಿ ಮಾತ್ರ ‘ಬಿಟ್ಟವಳು’ ಎಂಬ ಹೆಸರು ಹೊತ್ತವಳು ಅದರ ಫಲವನ್ನೂ ಹೊರಬೇಕಾಗುತ್ತದೆ.

ಅವಳು ಬರಲು ಒಪ್ಪಿದರೂ ಬರುವುದು ಸುಲಭವಿರಲಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ, ಗಂಡನ ಮುಖವನ್ನೂ ಸರಿಯಾಗಿ ಕಂಡಿರದವಳು, ಹಿರಿಯರ ಮಾತು ಮೀರಿ ಬೇರೆ ಊರಿನ ಕಂಪೌಂಡಿಗೆ ಹೇಗೆ ಹೊರಟಾಳು? ಅವಳು ‘ಒಲ್ಲೆ’ ಎಂದರೆ ಅದು ಅವಳ ಮಾತೋ ಅಪ್ಪನ ಮಾತೋ? ಇದು ಆ ಕಾಲದ ನಿಜವಾದ ತೊಡಕು.

1866ರ ಕಾಯ್ದೆ

ಗಂಡಸಿಗೆ ಇನ್ನೊಂದು ತೊಡಕಿತ್ತು. ಕ್ರೈಸ್ತನಾದವನು ಮೊದಲ ಹೆಂಡತಿ ಜೀವಂತವಾಗಿರುವಾಗ ಚರ್ಚಿನಲ್ಲಿ ಎರಡನೆಯ ಮದುವೆಯಾದರೆ ಅಪರಾಧವಾಗುವ ಸಂಭವ. ಆಗದಿದ್ದರೆ ಆಯುಷ್ಯವೆಲ್ಲ ಒಂಟಿ. ಕ್ರೈಸ್ತಳಾದ ಹೆಂಗಸಿನ ಸ್ಥಿತಿಯೂ ಅದೇ, ಇನ್ನೂ ಕಠಿಣ. ವೈಸರಾಯರ ಮಂಡಲಿಯಲ್ಲಿ ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇನ್ ಇದಕ್ಕಾಗಿ ಒಂದು ಮಸೂದೆ ತಂದರು. 1866ರ 21ನೆಯ ಕಾಯ್ದೆಯಾಗಿ ಅದು ಜಾರಿಗೆ ಬಂತು. ಕ್ರೈಸ್ತರಾದ ದೇಶೀಯರ ವಿವಾಹ ವಿಸರ್ಜನೆಯ ಕಾಯ್ದೆ ಎಂದು ಅದನ್ನು ಕರೆಯಬಹುದು. ಮುಸಲ್ಮಾನರನ್ನೂ ಯಹೂದಿಗಳನ್ನೂ ಅದರಿಂದ ಹೊರಗಿಟ್ಟಿದ್ದರು.

ಕಾಯ್ದೆಯ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕೊರಿಂಥದ ಪತ್ರವೇ ಇಲ್ಲಿ ಸರಕಾರಿ ಭಾಷೆಯಲ್ಲಿ ಮತ್ತೆ ಹುಟ್ಟಿದೆ. ಧರ್ಮ ಬದಲಾಯಿಸಿದ ಕಾರಣಕ್ಕೇ ಸಂಗಾತಿ ಸತತ ಆರು ತಿಂಗಳು ಬಿಟ್ಟಿದ್ದರೆ, ಕ್ರೈಸ್ತರಾದವರು ಕೂಡಿ ಬಾಳುವ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗಬೇಕು. ಗಮನಿಸಿ: ಬಿಡುಗಡೆ ಬೇಕೆಂದು ಕೇಳುವಂತಿಲ್ಲ, ಕೂಡಿಸಿ ಎಂದು ಕೇಳಬೇಕು. ನ್ಯಾಯಾಧೀಶರು ಇನ್ನೊಬ್ಬರನ್ನು ಕರೆಸಿ, ಕೂಡಿ ಬಾಳಲು ಒಪ್ಪುತ್ತೀರಾ, ಒಪ್ಪದಿದ್ದರೆ ಕಾರಣವೇನು ಎಂದು ವಿಚಾರಿಸಬೇಕು. ಧರ್ಮ ಬದಲಾದದ್ದೇ ಕಾರಣ ಎಂದು ಮನದಟ್ಟಾದರೂ ಆಗಲೇ ತೀರ್ಪಿಲ್ಲ. ಮೊಕದ್ದಮೆಯನ್ನು ಒಂದು ವರ್ಷ ಮುಂದೂಡಬೇಕು. ಆ ವರ್ಷದ ನಡುವೆ ಗಂಡ ಹೆಂಡತಿ ಇಬ್ಬರೂ ಒಮ್ಮೆ ಮುಖಾಮುಖಿ ಭೇಟಿಯಾಗಬೇಕು. ನ್ಯಾಯಾಧೀಶರು ಗೊತ್ತುಮಾಡಿದ ಸ್ಥಳದಲ್ಲಿ, ಅವರು ಆರಿಸಿದ ಒಬ್ಬರ ಅಥವಾ ಹೆಚ್ಚಿನವರ ಎದುರಿಗೆ; ಹಾಗೆ ಆರಿಸಿದವರು ಹೆಂಗಸರೂ ಆಗಿರಬಹುದು. ನಿರಾಕರಣೆ ಸ್ವಂತ ಮನಸ್ಸಿನದೋ ಬೇರೆಯವರ ಒತ್ತಾಯದ್ದೋ ಎಂದು ತಿಳಿಯುವುದೇ ಈ ಭೇಟಿಯ ಉದ್ದೇಶ. ವರ್ಷ ಕಳೆದ ಮೇಲೆ ಮತ್ತೆ ಕೇಳಿ, ಮತ್ತೆ ಇಲ್ಲವೆಂದರೆ ಮಾತ್ರ ಮದುವೆ ಮುರಿಯುತ್ತದೆ. ಆಗ ಇಬ್ಬರೂ ಬೇರೆ ಮದುವೆಗೆ ಸ್ವತಂತ್ರರು. ಮಕ್ಕಳ ಹಕ್ಕಿಗೆ ಚ್ಯುತಿಯಿಲ್ಲ.

ಆ ಕಾಲಕ್ಕೆ ಇದೊಂದು ಯೋಗ್ಯವಾದ ಕ್ರಮವೆಂದೇ ನನ್ನ ಅಭಿಪ್ರಾಯ. ಅಬ್ಬಣಬ್ಬೆಯಿಂದ ಹಿಡಿದು ಯಾರಿಗೂ ಯಾರೂ ಕೇಳಿರದ ಪ್ರಶ್ನೆಯನ್ನು ಈ ಕಾಯ್ದೆ ಉಳಿದವಳಿಗೆ ಎರಡು ಸಲ ಕೇಳಿತು, ಅಪ್ಪ ಅಣ್ಣಂದಿರ ಗದ್ದಲವಿಲ್ಲದ ಕಡೆ ಕೇಳಿತು. ಇದೇ ಮುಂಬಯಿ ಪ್ರಾಂತ್ಯದಲ್ಲಿ 1884ರಿಂದ 1888ರವರೆಗೆ ನಡೆದ ರಖಮಾಬಾಯಿ ಮೊಕದ್ದಮೆಯನ್ನು ನೀವು ಇತಿಹಾಸದಲ್ಲಿ ಓದಿರಬಹುದು. ಬಾಲ್ಯದಲ್ಲಿ ಕಟ್ಟಿದ ಗಂಡನೊಂದಿಗೆ ಬಾಳಲಾರೆ ಎಂದ ಆ ಹೆಣ್ಣುಮಗಳಿಗೆ ನ್ಯಾಯಾಲಯ ಒಂದು ಹಂತದಲ್ಲಿ ಗಂಡನ ಮನೆಯೋ ಜೈಲೋ ಆರಿಸಿಕೋ ಎಂದಿತು. 1866ರ ಕಾಯ್ದೆಯಡಿ ‘ಒಲ್ಲೆ’ ಎಂದವಳಿಗೆ ಆ ಬೆದರಿಕೆ ಇರಲಿಲ್ಲ. ಅವಳ ‘ಒಲ್ಲೆ’ಯಿಂದಲೇ ಅವಳಿಗೂ ಬಿಡುಗಡೆ.

ಆದರೆ ಕಾಯ್ದೆಯ ಕಣ್ಣೂ ರೈಲಿನ ಒಳಗಿನ ಕಣ್ಣೇ. ಮನೆಯಲ್ಲಿದ್ದವಳು ಅದರ ಪ್ರಕಾರ ಬಿಟ್ಟು ಹೋದವಳು. ಅರ್ಜಿ ಹಾಕುವ ಅಧಿಕಾರ ಬದಲಾದವನಿಗೆ ಮಾತ್ರ. ಗಂಡ ಕ್ರೈಸ್ತನಾಗಿ ಹೋದ ಮೇಲೆ ತನಗೆ ಬಿಡುಗಡೆ ಬೇಕೆಂದು ಉಳಿದವಳು ತಾನಾಗಿ ಈ ಕಾಯ್ದೆಯ ಬಾಗಿಲು ತಟ್ಟುವಂತಿರಲಿಲ್ಲ. ಪೌಲ ಉಳಿದವರ ಕೈಗೆ ಕೊಟ್ಟಿದ್ದ ತೀರ್ಮಾನ ಹೀಗೆ ಅರ್ಧ ಜಾರಿತು.

ಇನ್ನೊಂದು ಕುತೂಹಲದ ಸಂಗತಿಯಿದೆ. ಕಾಯ್ದೆ ನಡೆಯುತ್ತಿದ್ದುದು ಬ್ರಿಟಿಷ್ ಭಾರತದಲ್ಲಿ. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳು ಕಂಪನಿಯ, ಆಮೇಲೆ ರಾಣಿಯ ಸೀಮೆ. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು, 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ. ಸವಾಯಿ ಗಂಧರ್ವರ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಒಂದು ಹೊಲ ದಾಟಿದರೆ ಇಂಗ್ಲಿಷರ ಕಾಯ್ದೆ, ಈ ಕಡೆ ಸಂಸ್ಥಾನದ ಆಡಳಿತ.

ಮಸೂದೆ ಬರೆದವರ ಕಣ್ಣಿಗೆ ಬೀಳದ ವಿಷಯವೂ ಒಂದಿತ್ತು. ಹಿಂದೂ ಮದುವೆಯೆಂದರೆ ಎಂದೂ ಬಿಚ್ಚಲಾಗದ ಗಂಟು ಎಂದು ಕಾಯ್ದೆ ಎಣಿಸಿತ್ತು. ಮೇಲ್ಜಾತಿಗಳ ಮಟ್ಟಿಗೆ ಅದು ನಿಜ. ನಮ್ಮ ಕಡೆಯ ಅನೇಕ ಜನಾಂಗಗಳಲ್ಲಿ ದೈವದವರು ಕೂಡಿ ಸೋಡಚೀಟಿ ಕೊಡುವ ಪದ್ಧತಿ ಹಿಂದಿನಿಂದ ಇತ್ತು. ಸೋಡಚೀಟಿ ಪಡೆದವಳು ಉಡಿಕಿ ಮಾಡಿಕೊಳ್ಳಬಹುದಿತ್ತು; ಅದಕ್ಕೆ ಲಗ್ನದ ಗೌರವ ಇರಲಿಲ್ಲ, ಆದರೆ ಬಾಳು ಇತ್ತು. ಅಂಥ ಮನೆಗಳಲ್ಲಿ ಗಂಡ ಪಾದ್ರಿಗಳ ಕಡೆ ಹೋದರೆ ಪಂಚರ ಮುಂದೆ ಎರಡು ಮಾತಿನಲ್ಲಿ ಬಗೆಹರಿಯುವಂತಿದ್ದ ಸಂಗತಿಗೆ ಧಾರವಾಡದ ಕಚೇರಿಯಲ್ಲಿ ಒಂದೂವರೆ ವರ್ಷದ ದಾರಿ. 1884ರಲ್ಲಿ ಅಚ್ಚಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಒಂದೊಂದು ಜನಾಂಗದ ಬಗ್ಗೆ ಬರೆಯುವಾಗ ಈ ಪದ್ಧತಿಗಳ ಉಲ್ಲೇಖವಿದೆ. ಆಸಕ್ತರು ತೆಗೆದು ನೋಡಬಹುದು.

ಎರಡು ಸಂಸಾರಗಳು

ಕಾಯ್ದೆ, ವಿಧಿ ಎಂದು ಓದುತ್ತ ಹೋದರೆ ಮನುಷ್ಯರು ಮರೆಯಾಗುತ್ತಾರೆ. ಆದ್ದರಿಂದ ಇದೇ ಪ್ರಾಂತ್ಯದ ಇಬ್ಬರು ಲೇಖಕರ ಮಾತು ಹೇಳುತ್ತೇನೆ.

ಬಾಬಾ ಪದ್ಮನಜಿ ಹುಟ್ಟಿದ್ದು 1831ರಲ್ಲಿ, ನಮ್ಮ ಬೆಳಗಾವಿಯಲ್ಲಿ. 1854ರಲ್ಲಿ ಅಲ್ಲಿಯೇ ದೀಕ್ಷಾಸ್ನಾನ ಪಡೆದರು. ಅವರ ಮೊದಲ ಹೆಂಡತಿ ಅವರ ಹಿಂದೆ ಬರಲಿಲ್ಲ. 1866ರ ಕಾಯ್ದೆ ಆಗಿನ್ನೂ ಇರಲಿಲ್ಲ. ಮೂರು ವರ್ಷದ ನಂತರ, 1857ರಲ್ಲಿ, ಅವರು ವಿಧವೆಯರ ಸಂಕಟವನ್ನು ಕುರಿತು ‘ಯಮುನಾ ಪರ್ಯಟನ’ ಎಂಬ ಮರಾಠಿ ಕಾದಂಬರಿಯನ್ನು ಪ್ರಕಟಿಸಿದರು. ಅದು ಮರಾಠಿಯ ಮೊದಲ ಕಾದಂಬರಿಯೆಂದು ಹೆಸರಾಗಿದೆ. ಗಂಡನಿಲ್ಲದ ಹೆಣ್ಣಿನ ದುಃಖವನ್ನು ಬರೆದವರ ಮನೆಯ ಕಥೆ ಇದು ಎಂಬುದನ್ನು ಸಾಹಿತ್ಯ ಚರಿತ್ರೆಗಳಲ್ಲಿ ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಎರಡನೆಯವರು ಮರಾಠಿ ಕವಿ ನಾರಾಯಣ ವಾಮನ ತಿಲಕರು. 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿ ಚಿಕ್ಕ ಮಗನೊಂದಿಗೆ ನೆಂಟರ ಆಶ್ರಯದಲ್ಲಿ ಉಳಿದರು. ಗಂಡ ಬದುಕಿದ್ದೂ ಇಲ್ಲದಂಥ ಬಾಳು. ನಾಲ್ಕು ವರ್ಷಕ್ಕೂ ಮಿಕ್ಕಿ ಹೀಗೆ ಕಳೆಯಿತು. ಕಾಯ್ದೆ ತಿಲಕರ ಕೈಯಲ್ಲೇ ಇತ್ತು. ಆರು ತಿಂಗಳು, ಮೇಲೊಂದು ವರ್ಷ ಕಳೆದರೆ ಬ್ರಾಹ್ಮಣ ಹೆಂಡತಿಯಿಂದ ಬಿಡುಗಡೆ ಪಡೆದು ಕ್ರೈಸ್ತ ಹೆಣ್ಣನ್ನು ಮದುವೆಯಾಗಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಪತ್ರ ಬರೆಯುತ್ತಲೇ ಇದ್ದರು. ಕೊನೆಗೆ ಲಕ್ಷ್ಮೀಬಾಯಿ ಗಂಡನಿದ್ದ ಊರಿಗೆ ಬಂದರು, ಆದರೆ ತಮ್ಮ ಮಡಿ, ತಮ್ಮ ಅಡುಗೆ, ತಮ್ಮ ನೀರನ್ನು ಬೇರೆಯಾಗಿಯೇ ಇಟ್ಟುಕೊಂಡರು. ತಿಲಕರು ಅದಕ್ಕೆ ಅಡ್ಡಿಮಾಡಲಿಲ್ಲ. 1900ರಲ್ಲಿ ಆಕೆ ತಾವಾಗಿ ಕ್ರೈಸ್ತರಾದರು. 1930ರ ದಶಕದಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಈ ವರ್ಷಗಳನ್ನು ನಗುತ್ತ ಅಳುತ್ತ ಹೇಳುತ್ತದೆ. ಉಳಿದವಳೊಬ್ಬಳು ತನ್ನ ಕಡೆಯ ಕಥೆಯನ್ನು ತಾನೇ ಬರೆದ ಅಪರೂಪದ ಪುಸ್ತಕವದು. ಮರಾಠಿ ಬಲ್ಲವರು ಧಾರವಾಡ ಸೀಮೆಯಲ್ಲಿ ಕಡಿಮೆಯಿಲ್ಲ, ಅವರಿಂದ ಓದಿಸಿ ಕೇಳಿ.

ಆಕೆ ಕೊನೆಗೆ ಕ್ರೈಸ್ತರಾದರು ಎಂಬುದಕ್ಕಾಗಿ ಈ ಉದಾಹರಣೆ ಕೊಟ್ಟೆನೆಂದು ತಿಳಿಯಬೇಡಿ. ಆಗದೆಯೇ ಉಳಿದಿದ್ದರೂ ತಿಲಕರ ನಡತೆಗೆ ಅಷ್ಟೇ ಬೆಲೆ. ಬೇರೆ ಅಡುಗೆಯ ಆ ತಿಂಗಳುಗಳೇ ನನಗೆ ಈ ಕಥೆಯಲ್ಲಿ ಮುಖ್ಯ. ಪೌಲ ಹೇಳಿದ ಸಮಾಧಾನ ಒಂದು ಮನೆಯಲ್ಲಿ ಹೇಗಿರುತ್ತದೆ ಎಂದರೆ, ಎರಡು ಒಲೆಯ ಹಾಗೆ.

ಸ್ವಾತಂತ್ರ್ಯದ ನಂತರ

1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ವಿಧಿಯಲ್ಲಿ ಸಂಗಾತಿ ಬೇರೆ ಧರ್ಮಕ್ಕೆ ಹೋದದ್ದು ವಿಚ್ಛೇದನಕ್ಕೆ ಒಂದು ಕಾರಣ. ಈ ಕಾರಣ ಹೇಳಿ ಅರ್ಜಿ ಹಾಕಬಲ್ಲವರು ಉಳಿದವರು. ಧರ್ಮ ಬದಲಾಯಿಸಿದವರು ತಮ್ಮ ಬದಲಾವಣೆಯನ್ನೇ ಕಾರಣ ಮಾಡಿ ಬಿಡುಗಡೆ ಕೇಳುವಂತಿಲ್ಲ. ತಿಳಿದೋ ತಿಳಿಯದೆಯೋ ಸಂಸತ್ತು ಕೊರಿಂಥದ ಪತ್ರದ ಕಟ್ಟಡಕ್ಕೆ 1866ಕ್ಕಿಂತ ಹತ್ತಿರ ಬಂತು. 1869ರ ಕ್ರೈಸ್ತ ವಿಚ್ಛೇದನ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾದಾಗ ಕ್ರೈಸ್ತ ಸಂಗಾತಿ ಬೇರೆ ಧರ್ಮಕ್ಕೆ ಹೋದದ್ದನ್ನೂ ಇಂಥದೇ ಕಾರಣವಾಗಿ ಸೇರಿಸಿದರು. ಧರ್ಮ ಬದಲಾಯಿಸಿದ ಮಾತ್ರಕ್ಕೆ ಹಳೆಯ ಮದುವೆ ತಾನಾಗಿ ಮುರಿಯುವುದಿಲ್ಲ ಎಂಬುದನ್ನು 1995ರಲ್ಲಿ ಸರಳಾ ಮುದ್ಗಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಅಲ್ಲಿ ಪ್ರಶ್ನೆಯಿದ್ದುದು ಎರಡನೆಯ ಮದುವೆಗೆಂದೇ ಮುಸಲ್ಮಾನರಾದ ಗಂಡಂದಿರದು.

ಜೀವನಾಂಶದಲ್ಲಿ ಮಾತ್ರ ತಕ್ಕಡಿ ವಾಲಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ ಗಂಡ ಧರ್ಮ ಬಿಟ್ಟರೆ ಹೆಂಡತಿ ಬೇರೆ ಇದ್ದೂ ಜೀವನಾಂಶ ಪಡೆಯಬಹುದು. ಹೆಂಡತಿ ಧರ್ಮ ಬಿಟ್ಟರೆ ಆ ಕಾಯ್ದೆಯ ಜೀವನಾಂಶ ಹೋಗುತ್ತದೆ. ಅಂಥವಳಿಗೆ ನೆರವಾಗುವುದು ಯಾವ ಧರ್ಮವೆಂದು ಕೇಳದ ದಂಡ ಪ್ರಕ್ರಿಯೆಯ ವಿಧಿ. ಬಹುಕಾಲ 125ನೆಯ ಕಲಮು ಎಂದು ಹೆಸರಾಗಿದ್ದ ಅದು 2024ರ ಜುಲೈ 1ರಿಂದ ಹೊಸ ಸಂಹಿತೆಯ 144ನೆಯ ಕಲಮು. ವಿಚ್ಛೇದನವಾಗಿ ಮರುಮದುವೆಯಾಗದೆ ಉಳಿದ, ತನ್ನನ್ನು ತಾನು ಸಾಕಿಕೊಳ್ಳಲಾರದ ಹೆಂಡತಿಯೂ ಅದರಲ್ಲಿ ಬರುತ್ತಾಳೆ.

ಚರ್ಚುಗಳು ಇಂದು ಏನು ಹೇಳುತ್ತವೆ? ಕ್ಯಾಥೋಲಿಕ್ ಸಂಹಿತೆಯ 1071ನೆಯ ವಿಧಿಯಂತೆ, ಹಿಂದಿನ ಸಂಬಂಧದಿಂದ ಸಂಗಾತಿಯ ಕಡೆಗೋ ಮಕ್ಕಳ ಕಡೆಗೋ ಸಹಜವಾದ ಹೊಣೆಯಿರುವವರ ಹೊಸ ಮದುವೆಯನ್ನು ಬಿಷಪರ ಅನುಮತಿಯಿಲ್ಲದೆ ಗುರುಗಳು ನಡೆಸಿಕೊಡಬಾರದು. ಹಳೆಯ ಲೆಕ್ಕ ತೀರಿಸಿ ಬಾ ಎಂದೇ ಇದರ ಅರ್ಥ. ಬಾಸೆಲ್ ಮಿಶನ್ನಿನ ಪರಂಪರೆಯ ಸಭೆಗಳು ಈಗ ದಕ್ಷಿಣ ಭಾರತ ಸಭೆಯಲ್ಲಿ ಸೇರಿವೆ. ಅದರ ಉತ್ತರ ಕರ್ನಾಟಕದ ಧರ್ಮಪ್ರಾಂತ್ಯದ ಕೇಂದ್ರ ಧಾರವಾಡದಲ್ಲೇ ಇದೆ. ಪ್ರಾಟೆಸ್ಟಂಟರಲ್ಲಿ ಇಷ್ಟು ಬಿಗಿಯಾದ ಸಂಹಿತೆ ಇಲ್ಲ. ಅಲ್ಲಿ ಸಭಾಪಾಲಕರ ಕೈಯಲ್ಲಿರುವುದು ಅದೇ ಏಳನೆಯ ಅಧ್ಯಾಯ, ಜೊತೆಗೆ ಶತ್ರುವನ್ನೂ ಪ್ರೀತಿಸು ಎಂಬ ಯೇಸುವಿನ ಬೋಧೆ. ಶತ್ರುವಿಗೇ ಅಷ್ಟು ಸಲ್ಲಬೇಕಾದರೆ ಒಂದೇ ಎಲೆಯಲ್ಲಿ ಉಂಡವರಿಗೆ ಎಷ್ಟು ಸಲ್ಲಬೇಕು? ಹಿಂದಿನವರ ದೇವರನ್ನು ಮಕ್ಕಳ ಎದುರಿಗೆ ಹೀಯಾಳಿಸುವುದು, ಹಬ್ಬಕ್ಕೆ ಅಜ್ಜಿಯ ಮನೆಗೆ ಹೋಗಗೊಡದಿರುವುದು, ಪ್ರಾರ್ಥನೆಯ ನೆಪದಲ್ಲಿ ಅವರ ತಪ್ಪುಗಳನ್ನು ಸಭೆಯಲ್ಲಿ ಹೇಳಿಕೊಳ್ಳುವುದು ಇವು ಆ ಅಧ್ಯಾಯದ ಸಮಾಧಾನದೊಳಗೆ ಬರುವುದಿಲ್ಲ. ಈ ಮಾತು ಕ್ರೈಸ್ತ ಮನೆಗಳಿಗಷ್ಟೇ ಅನ್ವಯಿಸುತ್ತದೆಂದು ನನಗೆ ತೋರುವುದಿಲ್ಲ.

ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರಗಳು ಬಾಸೆಲ್ ನಗರದಲ್ಲೂ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಇವೆ. ನೀವು ಇತಿಹಾಸದ ವಿದ್ಯಾರ್ಥಿಗಳಾಗಿದ್ದರೆ ಒಮ್ಮೆ ನೋಡಿ ಬನ್ನಿ. ದೀಕ್ಷಾಸ್ನಾನದ ದಪ್ತರವೆಂದರೆ ಅದರಲ್ಲಿ ದೀಕ್ಷೆ ಪಡೆದವರ ಹೆಸರು. ಉಳಿದವರ ಹೆಸರಿಗೆ ಅಲ್ಲಿ ಕಾಲಮು ಇರುವುದಿಲ್ಲ. ಉಳಿದವರನ್ನು ಹುಡುಕಲು ನೀವು ಹಳ್ಳಿಗೇ ಹೋಗಬೇಕು. ನವಲಗುಂದ, ಕಲಘಟಗಿ, ಕುಂದಗೋಳದ ಕಡೆಯವರಾದರೆ ನಿಮ್ಮ ಮನೆಯ ಹಳೆಯ ಟ್ರಂಕಿನ ಕಾಗದಗಳಲ್ಲಿ ಸೋಡಚೀಟಿ ಏನಾದರೂ ಉಳಿದಿದೆಯೇ ಎಂದು ಅಜ್ಜಿಯನ್ನು ಕೇಳಿ. ಸಿಕ್ಕರೆ ಮೊದಲು ಅದರ ಕೊನೆಯ ಭಾಗ ನೋಡಿ. ಅಲ್ಲಿ ಹೆಬ್ಬೆಟ್ಟು ಒಂದೇ ಇದೆಯೋ ಎರಡಿವೆಯೋ ಎಂದು.